ಗೆದ್ದೆತ್ತಿನ ಬಾಲ

ಕಾರ್ಯತಂತ್ರದ ತರಗತಿಗೆ ಬರುವವರ ಕೈಯಲ್ಲಿ ಈಗಲೂ ಜಿಮ್ ಕಾಲಿನ್ಸ್‌ರ ‘ಗುಡ್ ಟು ಗ್ರೇಟ್’ ಇರುತ್ತದೆ. 1,435 ಕಂಪನಿಗಳನ್ನು ಜರಡಿ ಹಿಡಿದು 11ನ್ನು ಆರಿಸಿಕೊಂಡ, 2001ರ ಪುಸ್ತಕ. ಆ ಹನ್ನೊಂದರಲ್ಲಿ ಸರ್ಕ್ಯೂಟ್ ಸಿಟಿ 2008ರಲ್ಲಿ ದಿವಾಳಿಯಾಯಿತು, ಫ್ಯಾನಿ ಮೇ ಅದೇ ವರ್ಷ ಸರ್ಕಾರದ ಸುಪರ್ದಿಗೆ ಹೋಯಿತು ಎಂದರೆ ನಕ್ಕು ಸುಮ್ಮನಾಗುತ್ತಾರೆ. ನಮ್ಮ ಶಾಸ್ತ್ರವೆಂದರೆ ಗೆದ್ದವರ ಗುಟ್ಟುಗಳ ಪಟ್ಟಿ ಎಂದು ಅವರ ನಂಬಿಕೆ. ತಪ್ಪು ಅವರದಲ್ಲ, ನಾವು ಪಾಠ ಹೇಳಿದ್ದೂ ಹಾಗೆಯೇ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. 1962ರಲ್ಲಿ ಆಲ್ಫ್ರೆಡ್ ಚಾಂಡ್ಲರ್ ಡುಪಾಂಟ್, ಜನರಲ್ ಮೋಟರ್ಸ್ ಸೇರಿ ನಾಲ್ಕು ಕಂಪನಿಗಳ ಚರಿತ್ರೆ ಬರೆದರು. ತಂತ್ರ ಬದಲಾದರೆ ಸಂಸ್ಥೆಯ ರಚನೆಯೂ ಬದಲಾಗಬೇಕಾಗುತ್ತದೆ ಎಂದರು. 1965ರಲ್ಲಿ ಆನ್ಸಾಫ್ ಅದನ್ನೆಲ್ಲ ಯೋಜನಾ ವಿಭಾಗದ ಕೈಗಿತ್ತರು. 1980ರಲ್ಲಿ ಮೈಕೆಲ್ ಪೋರ್ಟರ್ ಕಂಪನಿಯ ಒಳಗಿಂದ ಕಣ್ಣು ತೆಗೆದು ಇಡೀ ಉದ್ಯಮದ ಮೇಲೆ ನೆಟ್ಟರು. ಅವರ ಐದು ಶಕ್ತಿಗಳ ಚಿತ್ರ ಇವತ್ತಿಗೂ ಪರೀಕ್ಷೆಗೆ ಬರುತ್ತದೆ. ಅಂಕ ಹಾಕುವುದು ಸುಲಭ. 1982ರಲ್ಲಿ ಪೀಟರ್ಸ್ ಮತ್ತು ವಾಟರ್‌ಮನ್ ಶ್ರೇಷ್ಠ ಕಂಪನಿಗಳ ಪಟ್ಟಿ ಕೊಟ್ಟರು. ಎರಡೇ ವರ್ಷಕ್ಕೆ ‘ಬಿಸಿನೆಸ್ ವೀಕ್’ ಅವುಗಳಲ್ಲಿ ಹಲವು ಮುಗ್ಗರಿಸಿದ್ದನ್ನು ಮುಖಪುಟಕ್ಕೇ ಹಾಕಿತು.

ನಮ್ಮ ತಲೆಮಾರಿಗೆ ಹಿಡಿಸಿದ್ದು ಬೇರೆ ಧಾರೆ. ಅದರ ಮೂಲ ಎಡಿತ್ ಪೆನ್‌ರೋಸ್, 1959. ಕಂಪನಿಯೆಂದರೆ ಸಂಪನ್ಮೂಲಗಳ ಗಂಟು. ಜೊತೆಯಾಗಿ ದುಡಿದವರು ಕಲಿತದ್ದೇ ಅದನ್ನು ಬೆಳೆಸುತ್ತದೆ, ಹಾಗೆ ಕಲಿಯಲು ಹಿಡಿಯುವ ಕಾಲವೇ ಬೆಳವಣಿಗೆಗೆ ಕಡಿವಾಣವೂ ಆಗುತ್ತದೆ ಎಂದರು ಆಕೆ. ಕಾಲು ಶತಮಾನದ ನಂತರ, 1984ರಲ್ಲಿ, ವರ್ನರ್‌ಫೆಲ್ಟ್ ಈ ಎಳೆಯನ್ನು ಎತ್ತಿಕೊಂಡರು. 1990ರಲ್ಲಿ ಕೊಯಮತ್ತೂರು ಮೂಲದ ಸಿ.ಕೆ. ಪ್ರಹ್ಲಾದ್, ಗ್ಯಾರಿ ಹ್ಯಾಮೆಲ್ ಜೊತೆಗೂಡಿ ಬರೆದ ಲೇಖನದಲ್ಲಿ ಕಂಪನಿಯನ್ನು ಮರವೆಂದರು. ಮಾರಾಟದ ಸರಕು ಎಲೆ, ಹೂ, ಹಣ್ಣು; ಸಾಮರ್ಥ್ಯ ಬೇರು. ಆ ಲೇಖನ ಓದಿದ ದಿನಗಳಲ್ಲಿ ನಮಗೆ ನೆಲವೇ ಅಗೆದು ತೋರಿಸಿದ ಹಾಗಾಗಿತ್ತು. ಆಮೇಲೆ ಆ ಬೇರಿಗೆ ಅವರಿಟ್ಟ ಹೆಸರು, ‘ಕೋರ್ ಕಾಂಪಿಟೆನ್ಸ್’, ಪ್ರತಿ ಕಚೇರಿಯ ಗೋಡೆ ಏರಿದ್ದು ಬೇರೆ ಮಾತು.

2007ರಲ್ಲಿ ಫಿಲ್ ರೋಸೆನ್‌ಜ್ವೈಗ್ ಪಟ್ಟಿಕಾರರ ಬುಡಕ್ಕೇ ಕೊಡಲಿ ಹಾಕಿದರು. ಲಾಭವಿದ್ದಾಗ ದಿಟ್ಟತನ ಎನಿಸಿಕೊಂಡ ಗುಣವೇ ನಷ್ಟ ಬಂದಾಗ ಅಹಂಕಾರವಾಗುತ್ತದೆ. ಫಲಿತಾಂಶ ಗೊತ್ತಿದ್ದವರನ್ನು ಕಾರಣ ಕೇಳಿದರೆ ಸಿಗುವುದು ಗೆದ್ದೆತ್ತಿನ ಬಾಲ ಮಾತ್ರ.

ನಮ್ಮ ತರಗತಿಗಳಲ್ಲಿ ನಾನು ಹೆಚ್ಚು ಕೇಳದೇ ಹೋದ ಒಂದು ಪ್ರಶ್ನೆಯಿದೆ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ: ಇಷ್ಟು ಬ್ಯಾಂಕುಗಳು ಅವಿಭಜಿತ ದಕ್ಷಿಣ ಕನ್ನಡವೊಂದರಲ್ಲೇ ಹುಟ್ಟಿದ್ದು ಹೇಗೆ? 1928ರಲ್ಲಿ ಸಿಂಡಿಕೇಟ್ ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಯಾರ ಅಂಗಡಿ ಯಾವ ತಿಂಗಳು ಸೊರಗುತ್ತದೆ, ಯಾರ ಮನೆಯಲ್ಲಿ ಮದುವೆ ಬಂತು ಎಂಬುದು ದಿನವೂ ಮೆಟ್ಟಿಲು ಹತ್ತುವವರಿಗೆ ತಾನಾಗಿ ತಿಳಿಯುತ್ತದೆ. ಪೆನ್‌ರೋಸ್ ಹೇಳಿದ ಗಂಟಿನಲ್ಲಿ ಈ ತಿಳಿವಳಿಕೆಗೆ ಎಲ್ಲಿ ಜಾಗ? 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದೊಳಗೆ ಸೇರಿತು. ಆಸ್ತಿ, ಸಾಲ, ಶಾಖೆ ಎಲ್ಲಕ್ಕೂ ಲೆಕ್ಕವಿತ್ತು. ಆ ತಿಳಿವಳಿಕೆ ಯಾವ ಕಾಲಮ್ಮಿಗೆ ಹೋಯಿತೆಂದು ಪ್ರಬಂಧ ಬರೆಯುವವರೊಬ್ಬರಿಗಾಗಿ ಕಾಯುತ್ತಿದ್ದೇನೆ.