ದೊಡ್ಡಮ್ಮನ ಪ್ರಶ್ನೆಯೂ ಎಸ್ಟೋನಿಯಾದ ದಾರಿಯೂ

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನ ವಿಧವಾ ವೇತನದ ಅರ್ಜಿ ಹಿಡಿದು ಒಂದು ತಿಂಗಳು ಓಡಾಡಿದ್ದೆ. ಎಲ್ಲಿ ಅಂತ ಹೆಸರು ಬೇಡ ಬಿಡಿ, ಎಲ್ಲ ಕಡೆಯೂ ಅದೇ ಕಥೆ. ಒಂದು ಕೋಣೆಯಲ್ಲಿ ಮರಣ ಪ್ರಮಾಣ ಪತ್ರ ಕೊಟ್ಟರು. ಅದನ್ನು ಜೆರಾಕ್ಸ್ ಮಾಡಿಸಿ ಇನ್ನೊಂದು ಕೋಣೆಗೆ ಕೊಡಬೇಕು. ಎರಡು ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡರಲ್ಲೂ ಕಂಪ್ಯೂಟರ್ ಇತ್ತು. ಮೂರನೇ ಸಲ ಹೋದಾಗ "ರೇಷನ್ ಕಾರ್ಡಲ್ಲಿ ಹೆಸರು ಬೇರೆ ಥರ ಇದೆಯಲ್ಲ, ಸರಿ ಮಾಡಿಸಿಕೊಂಡು ಬನ್ನಿ" ಅಂದರು. ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತ ದೊಡ್ಡಮ್ಮ ಕೇಳಿದ್ದು ಇಷ್ಟೇ: "ಅವ್ರು ಸತ್ತಿದ್ದನ್ನ ಬರ್ಕೊಂಡೋರೂ ಸರ್ಕಾರದೋರೇ, ಕೇಳ್ತಿರೋರೂ ಸರ್ಕಾರದೋರೇ. ನಡುವೆ ನಾನ್ಯಾಕೋ ಓಡಾಡ್ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಟ್ಟೆಪಾಡಿಗೆ ತಂತ್ರಾಂಶ ಬರೆಯುವವನು ನಾನು. ಎರಡು ಗಣಕಗಳು ಮಾತಾಡಿಕೊಳ್ಳೋದು ಎಷ್ಟು ಸುಲಭ ಅಂತ ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ಆಮೇಲೆ ಈ ಪ್ರಶ್ನೆಯನ್ನು ಯಾರಾದರೂ ಮೊದಲೇ ಕೇಳಿಕೊಂಡಿದ್ದಾರಾ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಎಸ್ಟೋನಿಯಾ ಅನ್ನೋ ಪುಟ್ಟ ದೇಶದ ಇಪ್ಪತ್ತೈದು ವರ್ಷದ ಇತಿಹಾಸ. ಓದಿದಷ್ಟನ್ನು ನಿಮಗೂ ಹೇಳೋಣ ಅಂತ.

ಬಾಲ್ಟಿಕ್ ಸಮುದ್ರದ ದಡದ ಈ ದೇಶ ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಿದ್ದು 1991ರ ಆಗಸ್ಟ್‌ನಲ್ಲಿ. 2001ರ ಹೊತ್ತಿಗೆ ಅಲ್ಲಿದ್ದ ಜನ ಸುಮಾರು ಹದಿಮೂರೂವರೆ ಲಕ್ಷ, ಅಂದರೆ ಆಗಿನ ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟು. ದುಡ್ಡೂ ಇಲ್ಲ, ದಂಡಿಯಾಗಿ ನೌಕರರೂ ಇಲ್ಲ. ಪಕ್ಕದ ಫಿನ್ಲೆಂಡ್ ತನ್ನ ಹಳೇ ಟೆಲಿಫೋನ್ ಎಕ್ಸ್‌ಚೇಂಜನ್ನು ಪುಕ್ಕಟೆ ಕೊಡುತ್ತೇನೆ ಅಂದಾಗ ಇವರು ಬೇಡ ಅಂದರಂತೆ, ಅಲ್ಲಿಯವರು ಈಗಲೂ ಹೇಳಿಕೊಳ್ಳುವ ಕಥೆ ಇದು. ಹಾಕುವುದಾದರೆ ಹೊಸದನ್ನೇ ಹಾಕೋಣ ಅನ್ನುವ ಹಟ. 1996ರಲ್ಲಿ ಅಧ್ಯಕ್ಷ ಲೆನಾರ್ಟ್ ಮೆರಿ 'ಹುಲಿ ನೆಗೆತ' ಅನ್ನೋ ಯೋಜನೆ ಘೋಷಿಸಿ ಶಾಲೆಗಳಿಗೆ ಗಣಕ, ಅಂತರ್ಜಾಲ ಕೊಡಿಸಲು ಹೊರಟರು.

ಇದೆಲ್ಲ ಸಾಮಾನ್ಯವಾಗಿ ಎಲ್ಲರೂ ಬರೆಯುವ ಭಾಗ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ಸಂಗತಿ. ಅದೇ ತೊಂಬತ್ತರ ದಶಕದ ನಡುವೆ ಅಲ್ಲಿ ಒಂದು ಹಗರಣ ಆಯಿತು. ಬೇರೆ ಬೇರೆ ಸರ್ಕಾರಿ ಕಡತಗಳ ಮಾಹಿತಿಯನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ದತ್ತಸಂಚಯ ಮಾಡಿ ಯಾರೋ ಮಾರಾಟಕ್ಕಿಟ್ಟುಬಿಟ್ಟಿದ್ದರು! ಕೆಲವೇ ವರ್ಷಗಳ ಹಿಂದಷ್ಟೇ ಗೂಢಚಾರರ ಕಡತಗಳ ಭಯದಲ್ಲಿ ಬದುಕಿದ್ದ ಜನ ಅವರು. "ಎಲ್ಲರ ಎಲ್ಲ ಮಾಹಿತಿಯೂ ಒಂದೇ ಕಡೆ" ಅನ್ನುವುದು ಎಂಥಾ ಅಪಾಯ ಅಂತ ಅವರಿಗೆ ಯಾರೂ ಪಾಠ ಮಾಡಬೇಕಿರಲಿಲ್ಲ.

ಹಾಗಾಗಿ ಇಲಾಖೆಗಳನ್ನು ಜೋಡಿಸುವ ಕೆಲಸಕ್ಕೆ ಕೈಹಾಕಿದಾಗ ಅವರು ದೊಡ್ಡದೊಂದು ಕೆರೆ ಕಟ್ಟಲು ಹೋಗಲಿಲ್ಲ. ಬಾವಿಗಳು ಇದ್ದಲ್ಲೇ ಇರಲಿ, ಅವುಗಳ ನಡುವೆ ಕಾಲುವೆ ತೋಡೋಣ ಅಂದರು. 2001ರ ಡಿಸೆಂಬರ್‌ನಲ್ಲಿ ಶುರುವಾದ ಈ ಕಾಲುವೆಗೆ ಅವರ ಭಾಷೆಯಲ್ಲಿ ಎಕ್ಸ್-ತೇ ಅಂತ ಹೆಸರು, ಇಂಗ್ಲಿಷಿನಲ್ಲಿ ಎಕ್ಸ್-ರೋಡ್. (ಎಸ್ಟೋನಿಯನ್ ಭಾಷೆಯಲ್ಲಿ 'ತೇ' ಅಂದರೆ ದಾರಿಯೂ ಹೌದು, ಚಹಾ ಕೂಡ ಹೌದು. ನಮ್ಮ ಕಚೇರಿಗಳಲ್ಲೂ ಎರಡಕ್ಕೂ ಹತ್ತಿರದ ಸಂಬಂಧ ಇದೆ ಬಿಡಿ :-) ) ಕಟ್ಟಿದ್ದರಲ್ಲಿ ಮುಖ್ಯ ಪಾಲು ಸೋವಿಯತ್ ಕಾಲದ ಸೈಬರ್ನೆಟಿಕ್ಸ್ ಸಂಸ್ಥೆಯಿಂದ ಕವಲೊಡೆದ ಸೈಬರ್ನೆಟಿಕಾ ಅನ್ನೋ ಕಂಪನಿಯದು.

ಕೆಲಸ ಮಾಡುವ ರೀತಿ ಹೀಗೆ. ಪ್ರತಿ ಇಲಾಖೆಯೂ ತನ್ನ ದತ್ತಸಂಚಯದ ಮುಂದೆ ಒಂದು ಕಾವಲು ಗಣಕ ಇಡಬೇಕು. ಅದಕ್ಕೆ ಸೆಕ್ಯುರಿಟಿ ಸರ್ವರ್ ಅಂತಾರೆ. ಇಲಾಖೆ ತನ್ನ ಮಾಹಿತಿಗೆ ಒಂದು ಕಿಟಕಿ ತೆರೆಯುತ್ತದೆ: ಇಂಥ ಪ್ರಶ್ನೆಯನ್ನು ಇಂಥ ರೂಪದಲ್ಲಿ ಕೇಳಿದರೆ ಇಂಥ ಉತ್ತರ ಕೊಡುತ್ತೇನೆ, ಅಷ್ಟೇ, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ನಮ್ಮ ಭಾಷೆಯಲ್ಲಿ ಎಪಿಐ ಅನ್ನೋದು ಇದನ್ನೇ. ಪಿಂಚಣಿ ಕಚೇರಿ ಜನಸಂಖ್ಯಾ ಕಡತವನ್ನು "ಈ ಸಂಖ್ಯೆಯ ವ್ಯಕ್ತಿ ಬದುಕಿದ್ದಾರಾ?" ಅಂತ ಕೇಳಿದರೆ ಪ್ರಶ್ನೆಗೆ ಸಹಿ, ಉತ್ತರಕ್ಕೂ ಸಹಿ, ಎರಡಕ್ಕೂ ಹೊತ್ತಿನ ಮುದ್ರೆ. ಮಾಹಿತಿ ಒಂದು ಕಾವಲಿನಿಂದ ಇನ್ನೊಂದು ಕಾವಲಿಗೆ ನೇರವಾಗಿ, ಮಾಮೂಲಿ ಅಂತರ್ಜಾಲದಲ್ಲೇ, ಗೂಢಲಿಪಿಯಲ್ಲಿ ಹೋಗುತ್ತದೆ. ನಡುವೆ ಕೂತು ಎಲ್ಲವನ್ನೂ ಓದುವ ಯಜಮಾನ ಗಣಕ ಇಲ್ಲ. ಕೇಂದ್ರದಲ್ಲಿ ಇರುವುದು ಯಾರ್ಯಾರು ಸದಸ್ಯರು, ಯಾರ ಸಹಿ ನಂಬಬಹುದು ಅನ್ನುವ ಪಟ್ಟಿ ಮಾತ್ರ.

2002ರ ಜನವರಿಯಲ್ಲಿ ಚಿಪ್ ಇರುವ ಗುರುತಿನ ಚೀಟಿ ಬಂತು. 2010ರಲ್ಲಿ ಡಾಕ್ಟರ ಔಷಧಿ ಚೀಟಿ ಕಾಗದ ಬಿಟ್ಟು ಈ ದಾರಿ ಹಿಡಿಯಿತು. ಒಂದೇ ಮಾಹಿತಿಯನ್ನು ಸಂಗ್ರಹಿಸಲು ಇನ್ನೊಂದು ಪ್ರತ್ಯೇಕ ದತ್ತಸಂಚಯ ಮಾಡುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇಲ್ಲಿದೆ. ತಂತ್ರಾಂಶ ಯಾರು ಬೇಕಾದರೂ ಬರೆದಾರು. "ಪಕ್ಕದ ಕೋಣೆಯಲ್ಲಿ ಇರುವುದನ್ನು ನೀನು ಮತ್ತೆ ಕೇಳುವ ಹಾಗಿಲ್ಲ" ಅಂತ ಅಧಿಕಾರಿಗೆ ಹೇಳಲು ಕಾನೂನೇ ಬೇಕು. ಜೊತೆಗೆ, ತನ್ನ ಮಾಹಿತಿಯನ್ನು ಯಾವ ಇಲಾಖೆ ಯಾವಾಗ ನೋಡಿತು ಅಂತ ಅಲ್ಲಿನ ಜನ ತಾವೇ ನೋಡಬಹುದು. ಎಲ್ಲ ಇಲಾಖೆಯದೂ ಕಾಣುವುದಿಲ್ಲ, ಆದರೂ ಕೆಲಸವಿಲ್ಲದೆ ಇಣುಕಿದ ಪೊಲೀಸರು ಸಿಕ್ಕಿಬಿದ್ದು ದಂಡ ಕಟ್ಟಿದ್ದುಂಟು.

ಎಲ್ಲ ಚಂದವೇ ಆಗಿತ್ತು ಅಂತ ಅಲ್ಲ. 2007ರ ಏಪ್ರಿಲ್ ಕೊನೆಯಲ್ಲಿ, ಸೋವಿಯತ್ ಸೈನಿಕನ ಪ್ರತಿಮೆಯೊಂದನ್ನು ಟ್ಯಾಲಿನ್ ನಗರದ ನಡುವಿನಿಂದ ಸ್ಥಳಾಂತರಿಸಿದ ಗಲಾಟೆಯಲ್ಲಿ, ಬ್ಯಾಂಕು, ಪತ್ರಿಕೆ, ಸರ್ಕಾರಿ ತಾಣಗಳ ಮೇಲೆ ವಾರಗಟ್ಟಲೆ ದಾಳಿ ನಡೆದು ಎಷ್ಟೋ ತಾಣಗಳು ಮಲಗಿದವು. 2017ರಲ್ಲಿ ಗುರುತಿನ ಚೀಟಿಯ ಚಿಪ್ಪಿನಲ್ಲೇ ದೋಷ ಸಿಕ್ಕಿ ಸುಮಾರು ಏಳೂವರೆ ಲಕ್ಷ ಚೀಟಿಗಳ ಪ್ರಮಾಣಪತ್ರ ಅಮಾನತಾಯಿತು. ಜನ ಸಾಲುಗಟ್ಟಿ ನಿಂತರು, ನಮ್ಮ ಹಾಗೇ.

ಇನ್ನು ಮುಕ್ತ ತಂತ್ರಾಂಶದ ವಿಷಯ. ಹಿಂದೆ ಪುಕ್ಕಟೆ ಎಕ್ಸ್‌ಚೇಂಜ್ ಕೊಡಲು ಬಂದಿತ್ತಲ್ಲ ಫಿನ್ಲೆಂಡ್, ಅದೇ ದೇಶ ಈಗ "ನಿಮ್ಮ ದಾರಿ ನಮಗೂ ಕೊಡಿ" ಅಂತ ಬಂತು! 2013ರ ಡಿಸೆಂಬರ್‌ನಲ್ಲಿ ಎರಡೂ ದೇಶದ ಪ್ರಧಾನಿಗಳು, ಆಂಡ್ರುಸ್ ಆನ್ಸಿಪ್ ಮತ್ತು ಯುರ್ಕಿ ಕಾಟಾಯ್ನೆನ್, ಒಪ್ಪಂದಕ್ಕೆ ಗಣಕದಲ್ಲೇ ಸಹಿ ಹಾಕಿದರು. ಎರಡು ದೇಶ ಸೇರಿ ಒಂದೇ ತಂತ್ರಾಂಶ ಬೆಳೆಸಬೇಕೆಂದರೆ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳೋದು ಹೇಗೆ? 2016ರ ಅಕ್ಟೋಬರ್‌ನಲ್ಲಿ ಮೂಲ ಸಂಕೇತವನ್ನು ಎಂಐಟಿ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿಟ್ಟರು. ಗಮನಿಸಿ, ದಾರಿ ಶುರುವಾಗಿ ಹದಿನೈದು ವರ್ಷ ಆದ ಮೇಲೆ. ಮುಕ್ತ ತಂತ್ರಾಂಶದಿಂದಲೇ ಎಸ್ಟೋನಿಯಾ ಬೆಳೆಯಿತು ಅಂತ ನಮ್ಮ ಗೆಳೆಯರು ಕೆಲವರು ವಾದಿಸುವುದುಂಟು, ಅದು ತಪ್ಪು. ತೆರೆದದ್ದರಿಂದ ಬೆಳೆದದ್ದು ಬೇರೆಯವರು. ಅದನ್ನು ನೋಡಿಕೊಳ್ಳಲು 2017ರಲ್ಲಿ ಎರಡೂ ದೇಶ ಸೇರಿ ಒಂದು ಸಂಸ್ಥೆ ಕಟ್ಟಿದವು, 2021ರಲ್ಲಿ ಐಸ್‌ಲೆಂಡ್ ಸೇರಿತು. ದೂರದ ಕಿರ್ಗಿಸ್ತಾನ ಇದರ ಮೇಲೇ 'ತುಂದುಕ್' ಅಂತ ತನ್ನದೊಂದು ಕಟ್ಟಿಕೊಂಡಿತು. ದೊಡ್ಡ ಕಂಪನಿಯ ಬಾಗಿಲಲ್ಲಿ ಲೈಸೆನ್ಸಿಗೆ ಕೈಚಾಚಬೇಕಾಗಲಿಲ್ಲ.

ಅದೇ ಕಾಲದಲ್ಲಿ ನಾವೇನು ಮಾಡುತ್ತಿದ್ದೆವು? ಸುಮ್ಮನೆ ಕೂತಿರಲಿಲ್ಲ. ಎಕ್ಸ್-ರೋಡ್ ಹುಟ್ಟಿದ ಹೊತ್ತಿಗೇ ಇಲ್ಲಿ 'ಭೂಮಿ' ನಡೆಯುತ್ತಿತ್ತು. ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಎರಡು ಕೋಟಿ ಪಹಣಿಗಳು, 67 ಲಕ್ಷ ರೈತರದ್ದು, ಗಣಕಕ್ಕೆ ಏರಿದವು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಕನ್ನಡದಲ್ಲೇ ಮುದ್ರಿತ ಪಹಣಿ. ಎಸ್ಟೋನಿಯಾದ ಒಟ್ಟು ಜನಸಂಖ್ಯೆಯ ಐದು ಪಟ್ಟು ರೈತರು, ಸಣ್ಣ ಕೆಲಸ ಅಲ್ಲ ಅದು. ಆದರೆ ಅದೊಂದು ಒಳ್ಳೆಯ ಬಾವಿ. ನೋಂದಣಿ ಇಲಾಖೆಯ 'ಕಾವೇರಿ' ಇನ್ನೊಂದು ಬಾವಿ. ಇವೆರಡರ ನಡುವೆ ಆಮೇಲೆ ಕಾಲುವೆ ಬಂತು, ಕ್ರಯಪತ್ರ ನೋಂದಣಿಯಾದ ಸುದ್ದಿ ತಾನಾಗಿಯೇ ಭೂಮಿಗೆ ಹೋಗುವಂತಾಯಿತು. ಉಳಿದ ಬಾವಿಗಳ ನಡುವೆ ಕೊಡ ಹೊತ್ತವರು ನಾವೇ.

2015ರಲ್ಲಿ ಕೇಂದ್ರ ಸರ್ಕಾರ ಮುಕ್ತ ತಂತ್ರಾಂಶಕ್ಕೊಂದು, ಮುಕ್ತ ಎಪಿಐಗಳಿಗೊಂದು ನೀತಿ ಹೊರಡಿಸಿತು. ಡಿಜಿಲಾಕರ್ ಬಂದದ್ದೂ ಅದೇ ವರ್ಷ. ತಮಾಷೆ ಅಂದರೆ, 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ ಶುರುವಾದ ಮೋಸಿಪ್ ಅನ್ನೋ ಮುಕ್ತ ಗುರುತಿನ ತಂತ್ರಾಂಶವನ್ನು ಫಿಲಿಪೀನ್ಸ್‌ನಂಥ ದೇಶಗಳು ಬಳಸುತ್ತಿವೆ. ಅಂದರೆ ಬರೆಯುವ ಕೈ ನಮ್ಮೂರಲ್ಲೇ ಇದೆ.

ದೊಡ್ಡಮ್ಮನಿಗೆ ವೇತನ ಮಂಜೂರಾದದ್ದು ಅರ್ಜಿ ಕೊಟ್ಟ ಏಳನೇ ತಿಂಗಳಿಗೆ. ಮೊನ್ನೆ ಊರಿಗೆ ಹೋದಾಗ ಎಸ್ಟೋನಿಯಾದ ಕಥೆ ಹೇಳಿದೆ. 2019ರಿಂದ ಅಲ್ಲಿ ಮಗು ಹುಟ್ಟಿದ್ದನ್ನು ದಾಖಲಿಸಿದರೆ ಸಾಕು, ಕುಟುಂಬ ಭತ್ಯೆ ಕಚೇರಿಯೇ "ನಿಮಗೆ ಇಷ್ಟು ದುಡ್ಡು ಬರಬೇಕು, ಒಪ್ಪಿಗೆಯಾ?" ಅಂತ ತಾಯಿತಂದೆಗೆ ಬರೆಯುತ್ತದೆ, ಅರ್ಜಿಯೇ ಬೇಡ ಅಂದೆ. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಹೌದೇನೋ? ಹಂಗಾದ್ರೆ ಅಲ್ಲಿ ಜೆರಾಕ್ಸ್ ಅಂಗಡಿಯೋರ ಗತಿ ಏನೋ?"