ಅಮೆರಿಕದ ಕಪ್ಪುವರ್ಣೀಯ ನ್ಯಾಯವಾದಿಗಳು: ಹೋವರ್ಡ್ ನ್ಯಾಯಶಾಸ್ತ್ರ ಶಾಲೆಯ ಪಾತ್ರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾರ್ವಜನಿಕ ಶಾಲೆಗಳಲ್ಲಿ ವರ್ಣಭೇದವು ಸಂವಿಧಾನಬಾಹಿರವೆಂದು ಸಾರಿದ 1954ರ ಬ್ರೌನ್ ತೀರ್ಪು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ಆ ತೀರ್ಪನ್ನು ದೊರಕಿಸಿದ ನ್ಯಾಯವಾದಿಗಳು ಎಲ್ಲಿ, ಹೇಗೆ ಸಿದ್ಧರಾದರೆಂಬ ವಿಷಯಕ್ಕೆ ದೊರೆತಿರುವ ಗಮನ ಮಾತ್ರ ಅಲ್ಪ. ನ್ಯಾಯಾಲಯದ ಜಯಕ್ಕೆ ಮೊದಲು ವಿದ್ಯಾಲಯದ ಸಾಧನೆ ನಡೆದಿತ್ತೆಂಬುದನ್ನೂ, ವಕೀಲವೃತ್ತಿಯ ಪ್ರವೇಶದ್ವಾರವೇ ಆ ಹೋರಾಟದ ಮುಖ್ಯ ಕಣವಾಗಿತ್ತೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇವೆ.

1844ರಲ್ಲಿ ಮೇನ್ ಸಂಸ್ಥಾನದಲ್ಲಿ ಸನ್ನದು ಪಡೆದ ಮೇಕನ್ ಬೋಲಿಂಗ್ ಅಲೆನ್ ಅವರಿಂದ ಈ ಪರಂಪರೆ ಆರಂಭವಾಗುತ್ತದೆ. ಅಂತರ್ಯುದ್ಧದ ತರುವಾಯ, 1869ರಲ್ಲಿ, ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯವು ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಅವರ ನೇತೃತ್ವದಲ್ಲಿ ನ್ಯಾಯಶಾಸ್ತ್ರ ಶಾಲೆಯನ್ನು ತೆರೆಯಿತು. ಅಲ್ಲಿ ಓದಿದ ಶಾರ್ಲೆಟ್ ರೇ 1872ರಲ್ಲಿ ದೇಶದ ಪ್ರಥಮ ಕಪ್ಪುವರ್ಣೀಯ ಮಹಿಳಾ ವಕೀಲರಾದರು. ಆದರೆ ಸನ್ನದಿದ್ದರೂ ಸಾಕಷ್ಟು ಕಕ್ಷಿಗಾರರು ದೊರೆಯದೆ, ವೃತ್ತಿಯನ್ನು ತೊರೆದು ನ್ಯೂಯಾರ್ಕಿನಲ್ಲಿ ಉಪಾಧ್ಯಾಯಿನಿಯಾದರು. ವೃತ್ತಿಬಾಂಧವರ ನಡತೆಯೂ ಉದಾರವಾಗಿರಲಿಲ್ಲ. 1912ರಲ್ಲಿ ಅರಿಯದೆ ಮೂವರು ಕಪ್ಪುವರ್ಣೀಯರನ್ನು ಸೇರಿಸಿಕೊಂಡ ಅಮೆರಿಕನ್ ವಕೀಲರ ಸಂಘವು, ಮುಂದೆ ಅರ್ಜಿದಾರರ ವರ್ಣವನ್ನು ತಿಳಿಸತಕ್ಕದ್ದೆಂದು ನಿರ್ಣಯಿಸಿತು. ಕಪ್ಪುವರ್ಣೀಯ ವಕೀಲರು 1925ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಳ್ಳಬೇಕಾಯಿತು.

ಈ ಸ್ಥಿತಿಯಲ್ಲಿ ಹೋವರ್ಡ್ ಶಾಲೆಯ ಆಡಳಿತವನ್ನು 1929ರಲ್ಲಿ ವಹಿಸಿಕೊಂಡವರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್. ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ, ಅಲ್ಲಿಯ ನ್ಯಾಯಶಾಸ್ತ್ರ ಪತ್ರಿಕೆಯ ಸಂಪಾದಕ ಮಂಡಲಿಯನ್ನು ಸೇರಿದ ಮೊದಲ ಕಪ್ಪುವರ್ಣೀಯರು ಇವರು. ಸಂಜೆಯ ತರಗತಿಗಳ ಶಾಲೆಯನ್ನು ಹಗಲಿನ ಪೂರ್ಣಾವಧಿ ಶಾಲೆಯಾಗಿ ಮಾರ್ಪಡಿಸಿ, ಬೋಧನೆಯನ್ನು ಬಿಗಿಗೊಳಿಸಿದರು. ಸದಸ್ಯತ್ವಕ್ಕೆ ವರ್ಣವನ್ನು ಎಣಿಸಿದ ಆ ಸಂಘವೇ 1931ರಲ್ಲಿ ಶಾಲೆಗೆ ಮಾನ್ಯತೆ ನೀಡಿತೆಂಬುದು ಗಮನಾರ್ಹ. ಬಾಲ್ಟಿಮೋರಿನಿಂದ ದಿನವೂ ರೈಲಿನಲ್ಲಿ ಬಂದು ಓದುತ್ತಿದ್ದ ತರ್ಗುಡ್ ಮಾರ್ಷಲ್ 1933ರಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು. ಮುಂದೆ ಸರ್ವೋಚ್ಚ ನ್ಯಾಯಾಲಯದ ಮೊಕದ್ದಮೆಗಳ ವಾದವನ್ನು ಇದೇ ಶಾಲೆಯಲ್ಲಿ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಮುಂದೆ ಮಂಡಿಸಿ ಪರೀಕ್ಷಿಸುವ ಪದ್ಧತಿ ಬೆಳೆಯಿತು.

ಗುರುಶಿಷ್ಯರು ಮೊದಲು ಒಡ್ಡಿದ ಸವಾಲುಗಳಲ್ಲಿ ಮುಖ್ಯವಾದವು ನ್ಯಾಯಶಾಸ್ತ್ರ ಶಾಲೆಗಳಿಗೆ ಸಂಬಂಧಿಸಿದವು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವು ಡೊನಾಲ್ಡ್ ಮರೆಯನ್ನು ಸೇರಿಸಿಕೊಳ್ಳತಕ್ಕದ್ದೆಂಬ ಆದೇಶವನ್ನು ಆ ಸಂಸ್ಥಾನದ ಉಚ್ಚ ನ್ಯಾಯಾಸ್ಥಾನವು 1936ರಲ್ಲಿ ಎತ್ತಿಹಿಡಿಯಿತು. ಹೊರ ಸಂಸ್ಥಾನದಲ್ಲಿ ಓದಲು ಹಣ ಕೊಡುತ್ತೇವೆಂಬ ಮಿಸೌರಿಯ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1938ರಲ್ಲಿ ತಳ್ಳಿಹಾಕಿತು. ಆದರೆ ಅರ್ಜಿದಾರ ಲಾಯ್ಡ್ ಗೇನ್ಸ್ 1939ರಲ್ಲಿ ಕಾಣೆಯಾದವರು ಮತ್ತೆ ಪತ್ತೆಯಾಗಲಿಲ್ಲ. ಹೀಮನ್ ಸ್ವೆಟ್ ಅವರನ್ನು ಹೊರಗಿಡಲು ಟೆಕ್ಸಸ್ ಬೇರೊಂದು ಶಾಲೆಯನ್ನೇ ತೆರೆಯಿತು. 1950ರ ತೀರ್ಪು ಕಟ್ಟಡ, ಪುಸ್ತಕಗಳ ಲೆಕ್ಕಕ್ಕೇ ನಿಲ್ಲಲಿಲ್ಲ: ಸಂಸ್ಥಾನದ ಶೇಕಡ 85 ಮಂದಿಯನ್ನು ಒಳಗೊಳ್ಳದ ಶಾಲೆಯಲ್ಲಿ, ನಾಳೆ ತಾನು ಎದುರಿಸಬೇಕಾದ ವಕೀಲರು, ನ್ಯಾಯಾಧೀಶರು, ಸಾಕ್ಷಿಗಳೊಡನೆ ವಿದ್ಯಾರ್ಥಿಗೆ ಒಡನಾಟವೇ ಇರದೆಂದು ಹೇಳಿತು. ಪ್ರತ್ಯೇಕತೆಯೇ ಅಸಮಾನತೆಯೆಂಬ ಬ್ರೌನ್ ತೀರ್ಪಿನ ತತ್ತ್ವಕ್ಕೆ ಇಲ್ಲಿಯೇ ದಾರಿಯಾಯಿತು. ಅದನ್ನು ಕಾಣಲು ಹ್ಯೂಸ್ಟನ್ ಉಳಿಯಲಿಲ್ಲ. ಅವರು 1950ರಲ್ಲಿ ನಿಧನ ಹೊಂದಿದರು.

ಮಾರ್ಷಲ್ 1967ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪ್ರಥಮ ಕಪ್ಪುವರ್ಣೀಯ ನ್ಯಾಯಮೂರ್ತಿಗಳಾದರು. ಕಪ್ಪುವರ್ಣೀಯ ಮಹಿಳೆಯೊಬ್ಬರು, ಕೆಟಾಂಜಿ ಬ್ರೌನ್ ಜಾಕ್ಸನ್, ಆ ಪೀಠವನ್ನು ಏರಿದುದು 2022ರಲ್ಲಿ. ಆದರೂ ಜನಸಂಖ್ಯೆಯಲ್ಲಿ ಶೇಕಡ 13ರಷ್ಟಿರುವವರು ವಕೀಲವರ್ಗದಲ್ಲಿ ಶೇಕಡ 5ರ ಆಸುಪಾಸಿನಲ್ಲಿದ್ದಾರೆ. ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸುವ ಕ್ರಮವನ್ನು 2023ರ ತೀರ್ಪು ತಡೆಯಿತು. ಒಬ್ಬಿಬ್ಬರು ಶಿಖರವನ್ನು ಮುಟ್ಟಿದ ಮಾತ್ರಕ್ಕೆ ವೃತ್ತಿಯು ಸರ್ವರದಾಗುವುದಿಲ್ಲ. ನ್ಯಾಯವನ್ನು ಕೇಳಬಲ್ಲವರನ್ನು ಸಿದ್ಧಪಡಿಸುವ ಶಾಲೆಯೂ ನ್ಯಾಯದಾನದ ಒಂದು ಅಂಗವೆಂಬುದೇ ಹೋವರ್ಡಿನ ಇತಿಹಾಸದಿಂದ ನಾವು ತಿಳಿಯತಕ್ಕ ಅಂಶ.