ಕಾರಿಗೆ ಹೆಚ್ಚುವರಿ ದೀಪ, ಹಾರ್ನ್: ತಂತಿಯ ಜೋಡಣೆ ಭದ್ರವೇ?

ಹೊಸ ಕಾರು ಮನೆಗೆ ಬಂದ ತಿಂಗಳೊಳಗೆ ಫಾಗ್ ಲ್ಯಾಂಪ್, ಜೋಡಿ ಹಾರ್ನ್, ಡ್ಯಾಶ್‌ಕ್ಯಾಮ್ ಹಾಕಿಸುವುದು ನಗರದಲ್ಲಿ ರೂಢಿಯಾಗಿದೆ. ಆರ್.ಟಿ. ನಗರವಿರಲಿ, ಯಶವಂತಪುರವಿರಲಿ, ಬಿಡಿಭಾಗದ ಮಳಿಗೆಯ ಮುಂದೆಯೇ ಈ ಕೆಲಸ ಮುಗಿದುಹೋಗುತ್ತದೆ. ದೀಪದ ಬ್ರ್ಯಾಂಡ್ ಯಾವುದೆಂದು ಗ್ರಾಹಕರು ಹತ್ತು ಬಾರಿ ವಿಚಾರಿಸುತ್ತಾರೆ. ಅದರ ತಂತಿಯನ್ನು ಎಲ್ಲಿಗೆ, ಹೇಗೆ ಸೇರಿಸಲಾಯಿತೆಂದು ಕೇಳುವವರು ವಿರಳ.

ತೊಂದರೆ ಹುಟ್ಟುವುದು ಅಲ್ಲಿಯೇ. ಮೂಲ ತಂತಿಯ ಹೊದಿಕೆ ಸುಲಿದು, ಹೊಸ ತಂತಿಯನ್ನು ಅದಕ್ಕೆ ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿದರೆ ದೀಪವೇನೋ ಆಗಲೇ ಉರಿಯುತ್ತದೆ. ಆದರೆ ಬಾನೆಟ್ ಕೆಳಗಿನ ಶಾಖಕ್ಕೆ ಟೇಪಿನ ಅಂಟು ಮೆತ್ತಗಾಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ಮಳೆಗಾಲದ ತೇವ ಸೇರಿ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ರಸ್ತೆಯ ಕುಲುಕಾಟಕ್ಕೆ ಹೊಸೆದ ಎಳೆಗಳು ಸಡಿಲಗೊಳ್ಳುತ್ತವೆ. ಕ್ರಮೇಣ ಆ ಸಂಧಿಯಲ್ಲಿ ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ.

ತಡೆ ಕೇವಲ 0.2 ಓಮ್ ಇದ್ದರೂ, 10 ಆಂಪಿಯರ್ ಹರಿಯುವಾಗ ಅಲ್ಲಿ 20 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ರೇಡಿಯೊ ದುರಸ್ತಿಗೆ ಬಳಸುವ ಸಾಮಾನ್ಯ ಸೋಲ್ಡರಿಂಗ್ ಐರನ್‌ನ ಸಾಮರ್ಥ್ಯವೇ 25 ವ್ಯಾಟ್! ಫ್ಯೂಸ್ ಇದೆಯಲ್ಲ ಎಂಬ ನೆಮ್ಮದಿಯೂ ಇಲ್ಲಿ ಹುಸಿಯಾಗುತ್ತದೆ. ಹರಿವು ಮಿತಿಮೀರಿದಾಗ ಮಾತ್ರ ಫ್ಯೂಸ್ ಹಾರುತ್ತದೆ. ಸಡಿಲ ಸಂಧಿಯಲ್ಲಿ ಹರಿವು ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ಹೀಗಾಗಿ ಫ್ಯೂಸ್ ಸುಮ್ಮನಿರುತ್ತದೆ, ತಂತಿಯ ಹೊದಿಕೆ ಕರಗುತ್ತದೆ.

ಹೊತ್ತಿಕೊಂಡ ಬೆಂಕಿ ಒಂದೇ ವಾಹನಕ್ಕೆ ನಿಲ್ಲುವುದಿಲ್ಲ. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲುಗಡೆ ಪ್ರದೇಶದಲ್ಲಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಆ ಅವಘಡಕ್ಕೆ ತಂತಿ ಕಾರಣವೆಂದಲ್ಲ. ಒಣಹುಲ್ಲು, ಗಾಳಿಗಳು ಬೆಂಕಿಯನ್ನು ಹರಡಿದವು. ಆದರೆ ಒತ್ತೊತ್ತಾಗಿ ನಿಂತ ಕಾರುಗಳ ನಡುವೆ ಬೆಂಕಿ ಎಷ್ಟು ಬೇಗ ಸಾಗುತ್ತದೆಂಬುದನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಮರೆಯುವಂತಿಲ್ಲ.

ಕಾರು ತಯಾರಕರು ತಂತಿಗಳನ್ನು ಹೊಸೆಯುವುದಿಲ್ಲ, ಕ್ರಿಂಪಿಂಗ್ ಮಾಡುತ್ತಾರೆ. ತಂತಿಯ ಗಾತ್ರಕ್ಕೆ ಹೊಂದುವ ಲೋಹದ ಥಿಂಬಲ್ಲಿನೊಳಗೆ ಎಳೆಗಳನ್ನು ಸೇರಿಸಿ, ಅದಕ್ಕೆಂದೇ ಇರುವ ಇಕ್ಕುಳದಿಂದ ಒತ್ತಿದರೆ ಗಾಳಿ, ತೇವಗಳಿಗೆ ಎಡೆಯಿಲ್ಲದಂತೆ ಎಳೆಗಳು ಒಂದಾಗುತ್ತವೆ. ಮಾಮೂಲು ಕಟಿಂಗ್ ಪ್ಲೇಯರಿನಲ್ಲಿ ಒತ್ತಿದ್ದು ಕ್ರಿಂಪಿಂಗ್ ಅಲ್ಲ. ಮೇಲೆ ಶಾಖಕ್ಕೆ ಕುಗ್ಗಿ ಬಿಗಿಯಾಗುವ ಸ್ಲೀವ್ ಹಾಕಬೇಕು. ಬೆಸುಗೆಯೂ ಒಳ್ಳೆಯದೇ. ಆದರೆ ಬೆಸುಗೆ ಹೀರಿಕೊಂಡ ತಂತಿ ಗಡುಸಾಗಿ, ಸತತ ಕಂಪನಕ್ಕೆ ಅದರ ಅಂಚಿನಲ್ಲಿಯೇ ತುಂಡಾಗುವ ಸಂಭವವಿದೆ. ಅಲುಗಾಡದಂತೆ ಕಟ್ಟುವುದು ಅವಶ್ಯ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ಗಟ್ಟಿ ತಂತಿಯನ್ನು ಕಾರಿಗೆ ಬಳಸಲೇಬಾರದು.

ಎರಡು 55 ವ್ಯಾಟ್ ದೀಪಗಳು 12 ವೋಲ್ಟ್‌ನಲ್ಲಿ 9 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಈ ಭಾರವನ್ನು ಕಾರಿನ ಮೂಲ ಸ್ವಿಚ್ಚಿನ ಮೇಲೆ ಹೇರದೆ ರಿಲೇ ಅಳವಡಿಸಬೇಕು. ಅದರ 30ನೇ ಪಿನ್ನಿಗೆ ಬ್ಯಾಟರಿಯಿಂದ ಬರುವ ತಂತಿ, 87ಕ್ಕೆ ದೀಪ. 85, 86 ಪಿನ್ನುಗಳಲ್ಲಿ ಒಂದಕ್ಕೆ ಸ್ವಿಚ್, ಇನ್ನೊಂದಕ್ಕೆ ಅರ್ತ್. ತಂತಿ 1.5ರಿಂದ 2.5 ಚದರ ಮಿ.ಮೀ. ಇದ್ದು, 15 ಆಂಪಿಯರ್ ಫ್ಯೂಸ್ ಬ್ಯಾಟರಿಯ ಸಮೀಪದಲ್ಲಿಯೇ ಇರಬೇಕು. ದೀಪದ ಬಳಿ ಇಟ್ಟರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ. ಅರ್ತ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ಅವುಗಳ ತಂಟೆಗೆ ಹೋಗುವಂತಿಲ್ಲ.

ಡ್ಯಾಶ್‌ಕ್ಯಾಮ್‌ನ ಸಮಸ್ಯೆ ಬೇರೆ. ನಿಂತ ಕಾರಿನಲ್ಲಿ ಅದು ನಿರಂತರ 0.3 ಆಂಪಿಯರ್ ಎಳೆದರೂ ಎರಡೂವರೆ ದಿನದೊಳಗೆ 35 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧ ಖಾಲಿ. ವೋಲ್ಟೇಜ್ ಇಳಿದೊಡನೆ ಸಂಪರ್ಕ ಕಡಿಯುವ ಕಿಟ್ ಇಲ್ಲದಿದ್ದರೆ ಊರಿಂದ ಮರಳಿದವರಿಗೆ ಕಾರು ತಳ್ಳುವ ಕೆಲಸ ಕಾದಿರುತ್ತದೆ.

ಮಳಿಗೆ ಬಿಡುವ ಮುನ್ನ ಪರೀಕ್ಷೆ ಸುಲಭ. ಪ್ರತಿ ಸಂಧಿಯನ್ನೂ ಕೈಯಿಂದ ಎಳೆದು ನೋಡಬಹುದು. ದೀಪಗಳನ್ನು ಹತ್ತು ನಿಮಿಷ ಉರಿಸಿ ಸಂಧಿ ಮುಟ್ಟಿದಾಗ ಬೆಚ್ಚಗಿದ್ದರೆ ಕೆಲಸ ಸರಿಯಾಗಿಲ್ಲ. ದೀಪ ಉರಿಯುತ್ತಿರುವಾಗಲೇ ಸಂಧಿಯ ಎರಡೂ ಬದಿಗೆ ಮಲ್ಟಿಮೀಟರ್ ಹಿಡಿದರೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ತೋರಿಸಿದರೆ ಅದನ್ನು ಕತ್ತರಿಸಿ ಹೊಸದಾಗಿ ಜೋಡಿಸಲು ಅಲ್ಲಿಯೇ ಹೇಳಬೇಕು.